ಅಪ್ಪನಿಗೆ ಸಿಕ್ಕ ಸೀಟು

ಅಂಗಡಿಯ ಮೇಲಿನ ಮನೆ,
ಜೂನ್ ೧೨, ಗುರುವಾರ

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀಯ? ಮಣಿಕಟ್ಟಿನ ನೋವು ಕಡಿಮೆಯಾಯಿತೆ? ಹಬೆ ತಗುಲಿ ಸುಟ್ಟ ಜಾಗಕ್ಕೆ ಹಡಗಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ತಣ್ಣೀರು ಬಿಟ್ಟರೆ ಸಾಕು ಎಂದು ಹಟ ಹಿಡಿದಿದ್ದೀಯೋ? ಸಮುದ್ರ ಜೋರಾಗಿರುವ ದಿನ ದೊಡ್ಡ ಇಸ್ತ್ರಿ ಯಂತ್ರದ ಹತ್ತಿರ ನೀನು ಹೋಗಬೇಡ. ಇಡೀ ಹಡಗಿನ ಲಾಂಡ್ರಿಗೆ ಮುಖ್ಯಸ್ಥೆಯಾದ ಮೇಲೆ ಅಷ್ಟಾದರೂ ಅಧಿಕಾರ ಚಲಾಯಿಸಬೇಡವೆ? ಕಳೆದ ಸಲದ ಫೋಟೋದಲ್ಲಿ ನೀನು ಇಳಿದುಹೋದ ಹಾಗೆ ಕಂಡೆ. ಅಜ್ಜಿ ಮಾತ್ರ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿ, ಸೊಸೆ ದಪ್ಪಗಾಗಿದ್ದಾಳೆ ಎಂದು ತೀರ್ಪು ಕೊಟ್ಟರು. ಅಂಗಡಿ ತುಂಬ ಕನ್ನಡಕ ಇಟ್ಟುಕೊಂಡು ತಾವು ಮಾತ್ರ ಹಾಕಿಕೊಳ್ಳದವರ ಮಾತನ್ನು ಎಷ್ಟು ನಂಬಬೇಕೋ ನೀನೇ ನೋಡು.

ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಅಜ್ಜಿ ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾರೆ. ನನಗೇ ಏನೋ ಒಂದು ಥರ. ಜ್ವರವಿಲ್ಲ, ಕೆಮ್ಮಿಲ್ಲ, ಭಯ. ಬೆಳಿಗ್ಗೆ ಎದ್ದ ಕೂಡಲೇ ಒಂದು ಗಳಿಗೆ ಏನೂ ನೆನಪಿರುವುದಿಲ್ಲ, ಹಾಯಾಗಿರುತ್ತದೆ. ಆಮೇಲೆ ನೆನಪಾಗುತ್ತದೆ, ಹೊದಿಕೆಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳುತ್ತೇನೆ. ಭಾನುವಾರ ನೀನು ಬಂದರಿನಿಂದ ಫೋನ್ ಮಾಡಿದಾಗ ಅಪ್ಪ ವಿಷಯ ಹೇಳಿದ್ದಾರೆ, ನಿಜ. ಆದರೆ ಅದು ಅವರ ಕಡೆಯ ಕಥೆ. ನನ್ನ ಕಡೆಯದನ್ನು ಫೋನಿನಲ್ಲಿ ಹೇಳಲು ಹೋದರೆ ನನ್ನ ಮೊದಲ ಅಕ್ಷರ ಹೊರಗೆ ಬರುವಷ್ಟರಲ್ಲಿ ನಿನ್ನ ಹಡಗು ಮತ್ತೆ ಹೊರಟುಬಿಟ್ಟಿರುತ್ತದೆ. ಕಾಗದದ ಮೇಲೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ. ಅದಕ್ಕೇ ಅಲ್ಲವೆ ನೀನು ನನಗೆ ರೇಡಿಯೋ ಎಂದು ಹೆಸರಿಟ್ಟದ್ದು? ಆದ್ದರಿಂದ ಇಸ್ತ್ರಿ ಯಂತ್ರ ಆರಿಸಿ, ಬಟ್ಟೆಯ ಗಂಟಿನ ಮೇಲೆ ಆರಾಮವಾಗಿ ಕೂತು ಓದು.

ನಮ್ಮ ಮನೆಯ ರೂಢಿ ನಿನಗೆ ಗೊತ್ತೇ ಇದೆ. ನಾನು ಒಂದು ಮಾತು ಶುರು ಮಾಡುತ್ತೇನೆ, ಎರಡನೆಯದೋ ಮೂರನೆಯದೋ ಪದಕ್ಕೆ ನಾಲಿಗೆ ಕಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಮನೆಯವರು ಅದನ್ನು ಮುಗಿಸಿಕೊಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಸರಿಯಾಗಿದ್ದರೂ ತಲೆಯಾಡಿಸುತ್ತೇನೆ, ತಪ್ಪಾಗಿದ್ದರೂ ತಲೆಯಾಡಿಸುತ್ತೇನೆ, ಏಕೆಂದರೆ ಅಲ್ಲ ಎನ್ನಲು ಹೋದರೆ ಮತ್ತೆ ಮೊದಲಿನಿಂದ ಏರಬೇಕು. ಹೋದ ತಿಂಗಳು ಅಜ್ಜಿಯ ಹತ್ತಿರ ಬೆಂಕಿಪೊಟ್ಟಣ ಕೇಳಲು ಹೋದಾಗ, ನಾನು ಬೆ ಎನ್ನುವಷ್ಟರಲ್ಲಿ ಅವರು ಬೆನ್ನುನೋವು ಎಂದು ಮುಗಿಸಿದರು, ನಾನು ಎರಡು ದಿನ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡೆ. ಎಣ್ಣೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಒಲೆ ಮಾತ್ರ ಹೊತ್ತಲಿಲ್ಲ. ಅಪ್ಪ ಅಜ್ಜಿಗಿಂತ ಜಾಣರು, ಹತ್ತಕ್ಕೆ ಒಂಬತ್ತು ಸಲ ನಾನು ಹೇಳಹೊರಟದ್ದನ್ನೇ ಹೇಳುತ್ತಾರೆ, ಅದೂ ನನಗಿಂತ ಚೆನ್ನಾಗಿ. ಮುಗಿಸದೆ ಕಾಯುವವಳು ನೀನೊಬ್ಬಳೇ. ಚಾದರ ಮಡಿಸುವಾಗ ಒಂದು ತುದಿ ನನ್ನ ಕೈಗೆ ಕೊಟ್ಟು, ನನ್ನ ಮಾತು ಬರುವವರೆಗೂ ಮಡಿಸುತ್ತಲೇ ಇರುತ್ತಿದ್ದೆ. ನೀನು ಹೋದ ಮೇಲೆ ಮನೆಯಲ್ಲಿ ಮಾತು ಬೇಗ ಬೇಗ ಮುಗಿಯುತ್ತಿದೆ.

ಈಗ ಬೆಟ್ಟದ ಮೇಲಿನ ವಿಶ್ವವಿದ್ಯಾಲಯದ ವಿಷಯ. ಕಾನೂನು ಓದುವುದಾದರೆ ಅಲ್ಲೇ ಓದಬೇಕು ಎಂದು ಶಾಲೆಯ ಹೆಡ್‌ಮೇಡಂ ಹೇಳಿದಾಗ ಅಲ್ಲಿನ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡ. ಗೊತ್ತಿತ್ತು. ಅಲ್ಲಿ ಬರೆಯುವ ಪರೀಕ್ಷೆಯೇ ಇಲ್ಲ. ಪ್ರತಿ ಬೆಳಿಗ್ಗೆ ಮೇಷ್ಟ್ರು ಚೀಲಕ್ಕೆ ಕೈಹಾಕಿ ಒಂದು ಮರದ ಬಿಲ್ಲೆ ತೆಗೆಯುತ್ತಾರೆ. ಬಿಲ್ಲೆಯ ಮೇಲೆ ಯಾರ ಸಂಖ್ಯೆ ಇದೆಯೋ ಅವರು ಮುಂದೆ ಹೋಗಿ ಮೇಜಿನ ಪಕ್ಕ ನಿಂತು ಹಿಂದಿನ ದಿನದ ಪಾಠವನ್ನು ಹೇಳಬೇಕು, ಯಾರು ಏನು ಕೇಳಿದರೂ ಉತ್ತರ ಕೊಡಬೇಕು. ಹುಡುಗರು ಅದಕ್ಕೆ ನಿಲ್ಲೋದು ಅಂತಲೇ ಹೇಳುತ್ತಾರೆ. ನೀನು ಎಷ್ಟು ಸಲ ನಿಂತೆ, ಅವನು ನಿಂತಾಗ ಏನಾಯಿತು, ಹೀಗೆ. ವರ್ಷದ ಕೊನೆಯ ಪರೀಕ್ಷೆಯೂ ನಿಲ್ಲುವುದೇ. ಅಲ್ಲಿ ನಿಂತು ಬಂದವರು ಯಾವ ನ್ಯಾಯಾಲಯದಲ್ಲೂ ಬಾಯಿ ಒಣಗಿಸಿಕೊಳ್ಳುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇದೆಲ್ಲ ಗೊತ್ತಿದ್ದೇ ನಾನು ಅರ್ಜಿ ಹಾಕಿದೆ. ಸಂದರ್ಶನಕ್ಕೆ, ಅವರ ಮಾತಿನಲ್ಲಿ ಮಾತುಕತೆಗೆ, ಕರೆ ಬರುವುದಿಲ್ಲ ಎಂದು ಧೈರ್ಯವಾಗಿದ್ದೆ. ಬಂದುಬಿಟ್ಟಿತು.

ಮಾತುಕತೆಯ ದಿನ ನಮ್ಮನ್ನು ಎರಡನೇ ವರ್ಷದ ಹುಡುಗಿಯೊಬ್ಬಳು ಸುತ್ತಾಡಿಸಿದಳು. ಆ ಹಾಲ್ ನೋಡಬೇಕಿತ್ತು ನೀನು. ಗುಂಡಗಿದೆ, ಬಾವಿಯ ಹಾಗೆ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಬೆಂಚು, ತಳದಲ್ಲಿ ಮೇಜು. ನಿಂತವರೆಲ್ಲ ಹಿಡಿದು ಹಿಡಿದು ಮೇಜಿನ ಅಂಚು ನುಣ್ಣಗಾಗಿದೆ. ನಾವು ಇಣುಕಿದಾಗ ಒಬ್ಬ ಹುಡುಗ ನಿಂತಿದ್ದ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಯಾರೂ ಹೇಳಿಕೊಡಲೂ ಇಲ್ಲ. ಅಷ್ಟು ಜನವೂ ಸುಮ್ಮನೆ ಅವನನ್ನೇ ನೋಡುತ್ತಾ ಕೂತಿದ್ದರು. ಬೇರೆಯವರು ನಗುವುದು ನನಗೆ ಅಭ್ಯಾಸವಿದೆ ಅಮ್ಮಾ, ಶಾಲೆಯಲ್ಲಿ ಅದನ್ನು ಕೇಳಿಕೊಂಡೇ ಬೆಳೆದೆ. ಆ ಸುಮ್ಮನಿರುವುದನ್ನು ನೋಡಿ ನನ್ನ ಅಂಗೈ ಬೆವರಿತು. ನನ್ನ ಮುಖ ನೋಡಿ ಆ ಹುಡುಗಿ, "ಹೆದರ್ಕೋಬೇಡಿ, ನಾನು ಮೊದಲನೇ ಸಲ ನಿಂತಾಗ ವಾಂತಿ ಮಾಡ್ಕೊಂಡಿದ್ದೆ. ಒರೆಸಿಬಿಟ್ಟು ಮತ್ತೆ ನಿಲ್ಲಿಸಿದ್ರು" ಎಂದಳು. ಅವಳ ಪ್ರಕಾರ ಅದು ಸಮಾಧಾನದ ಮಾತು.

ಮಾತುಕತೆಗೆ ಮನೆಯವರೊಬ್ಬರು ಜೊತೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರಬಹುದು ಎಂದಿತ್ತು. ಅಪ್ಪ ಬಂದು ಕೂತರು. ಮೇಜಿನ ಆಚೆ ಮೂರು ಜನ. ನಡುವೆ ಕೂತಿದ್ದವರು ನರೆತ ಕೂದಲಿನ ಮೇಡಂ. ಅವರು ಕೇಳಿದ ಮೊದಲ ಪ್ರಶ್ನೆ ಸುಲಭದ್ದೇ. ಇಷ್ಟೊಂದು ವಿಶ್ವವಿದ್ಯಾಲಯಗಳಿರುವಾಗ ಇಲ್ಲಿಗೇ ಏಕೆ ಬರಬೇಕು ಅನ್ನಿಸಿತು? ನಾನು ಇಲ್ಲಿಗೆ ಬರಬೇಕು ಅನ್ನಿಸಿದ್ದು ಎಂದು ಶುರು ಮಾಡಿದೆ, ಸಿಕ್ಕಿಕೊಂಡೆ. ಹಿಂದಿನಿಂದ ಅಪ್ಪನ ದನಿ ಬಂತು. ಯಾವುದೇ ಕಾನೂನು ಬಾಯಲ್ಲಿ ಹೇಳಿ ವಾದಿಸಿದಾಗಲೇ ಅದರ ದೋಷ ಗೊತ್ತಾಗುವುದು, ಅದಕ್ಕೇ ಇಲ್ಲಿಗೆ, ಎಂದು ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ? ನಾನು ತಲೆಯಾಡಿಸಿದೆ. ಎರಡನೆಯ ಪ್ರಶ್ನೆಗೂ ಹಾಗೇ ಆಯಿತು. ಮೂರನೆಯದಕ್ಕೂ. ನಾನು ಶುರು ಮಾಡುವುದು, ಅಪ್ಪ ಮುಗಿಸುವುದು, ನಾನು ತಲೆಯಾಡಿಸುವುದು. ಒಂದು ಕಡೆ ಅಪ್ಪನ ಉತ್ತರಕ್ಕೆ ಆ ಮೂವರಲ್ಲಿ ಕಿವಿಗೆ ಯಂತ್ರ ಹಾಕಿಕೊಂಡಿದ್ದ ಮುದುಕರೊಬ್ಬರು ಭೇಷ್ ಎಂದರು. ಅಪ್ಪ ಬೀಗಿದರು, ನಾನೂ ಬೀಗಿದೆ.

ನೀನು ನಂಬುವುದಿಲ್ಲ, ಆದರೆ ನಮಗಿಬ್ಬರಿಗೂ ಅದರಲ್ಲಿ ಏನೋ ಎಡವಟ್ಟಾಗಿದೆ ಎಂದು ಹೊಳೆಯಲೇ ಇಲ್ಲ. ಇಳಿಜಾರಿನಲ್ಲಿ ಬಸ್ಸಿಗೆ ನಡೆಯುವಾಗ, ಚೆನ್ನಾಗಿ ಆಯ್ತಲ್ಲ, ನಾವು ಒಂದೂ ತಪ್ಪು ಹೇಳಲಿಲ್ಲ ಎಂದು ಅಪ್ಪ ಖುಷಿಯಾಗಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿಯ ತಾಯಿ, ಒಳಗೆ ಏನೇನು ಕೇಳಿದರೋ, ನನಗಂತೂ ಉಸಿರು ಬಿಡಲೂ ಭಯವಾಗಿತ್ತು, ತುಟಿ ಹೊಲಿದುಕೊಂಡು ಕೂತಿದ್ದೆ ಎಂದು ಮಗಳಿಗೆ ಹೇಳುತ್ತಿದ್ದರು. ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಮನೆ ಬರುವವರೆಗೂ ಇಬ್ಬರೂ ಕಿಟಕಿಯ ಹೊರಗೆ ನೋಡಿಕೊಂಡು ಬಂದೆವು.

ಹೋದ ಶುಕ್ರವಾರ ಆ ಮೇಡಂ ಅಂಗಡಿಗೆ ಫೋನ್ ಮಾಡಿದರು. ಅಪ್ಪ ಗಿರಾಕಿಯ ಮೂಗಿನ ಮೇಲೆ ಕನ್ನಡಕದ ಚೌಕಟ್ಟು ಕೂರಿಸುತ್ತಿದ್ದವರು ಹಾಗೇ ಬಿಟ್ಟು ಎತ್ತಿಕೊಂಡರು. ಮೇಡಂ ಹೇಳಿದ್ದನ್ನು ಅಪ್ಪ ನನಗೆ ಒಂದಕ್ಷರ ಬಿಡದೆ ಒಪ್ಪಿಸಿದರು. "ನೀವು ತುಂಬಾ ಚೆನ್ನಾಗಿ ಉತ್ತರ ಕೊಟ್ರಿ. ನಿಮಗೆ ಸೀಟು ಕೊಡೋಕೆ ನಮ್ಮ ಅಭ್ಯಂತರ ಏನೂ ಇಲ್ಲ. ಆದ್ರೆ ಅರ್ಜಿ ಹಾಕಿರೋದು ನಿಮ್ಮ ಮಗಳಲ್ವಾ? ಅವರ ಮಾತು ನಾವಿನ್ನೂ ಕೇಳಿಲ್ಲ. ಮುಂದಿನ ತಿಂಗಳ ಮೊದಲನೇ ಸೋಮವಾರ ಕಳಿಸಿಕೊಡಿ. ಒಬ್ಬರನ್ನೇ ಕಳಿಸಿ." ಅಜ್ಜಿ ಇದನ್ನು ಕೇಳಿ, ಈ ವಯಸ್ಸಿಗೆ ಮಗನಿಗೆ ಸೀಟು ಸಿಕ್ಕಿತಲ್ಲ, ಹೋಗಿ ಓದಿಕೊಂಡು ಬರಲಿ ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ನನಗೆ ಮಾತು ತಡೆಯುತ್ತದೆ ಎಂದು ಆ ಮೇಡಂಗೆ ಗೊತ್ತೇ ಇಲ್ಲ. ಅರ್ಜಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾನು ಅಪ್ಪನ ಮುಂದೆ ಬಾಯಿ ಬಿಡದ ಸಂಕೋಚದ ಹುಡುಗಿ ಎಂದು ಅವರು ಅಂದುಕೊಂಡಿರಬೇಕು.

ಇದೇ ಊರಿನ ವಿಶ್ವವಿದ್ಯಾಲಯದಲ್ಲೂ ನನಗೆ ಸೀಟಿದೆ, ಅದು ನಿನಗೆ ಗೊತ್ತು. ಬಸ್ ನಿಲ್ದಾಣದ ಹಿಂದಿನ ಹಳದಿ ಕಟ್ಟಡ. ಆ ಸೀಟು ಖಾಯಂ ಮಾಡಿಕೊಳ್ಳಲು ಅದೇ ಸೋಮವಾರ ಬೆಳಿಗ್ಗೆ ಖುದ್ದಾಗಿ ಹಾಜರಾಗಬೇಕು. ಅಲ್ಲಿ ಹಾಜರಾದರೆ ಬೆಟ್ಟ ಇಲ್ಲ, ಬೆಟ್ಟ ಹತ್ತಿದರೆ ಅದು ಇಲ್ಲ. ಅಪ್ಪನಿಗೆ ಹಳದಿ ಕಟ್ಟಡವೇ ಆಗಬೇಕು. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಎಲ್ಲ ಪರೀಕ್ಷೆಯೂ ಬರೆಯುವುದೇ. ಒಂದೇ ಒಂದು ವಿಷಯಕ್ಕೆ ಬಾಯಿಪರೀಕ್ಷೆ ಇದೆ, ಅದಕ್ಕೂ ಡಾಕ್ಟರ ಚೀಟಿ ತಂದರೆ ವಿನಾಯಿತಿ ಕೊಡಿಸುತ್ತೇನೆ ಎಂದು ಅಲ್ಲಿನ ಗುಮಾಸ್ತರು ಕನ್ನಡಕ ರಿಪೇರಿಗೆ ಬಂದಾಗ ಹೇಳಿ ಹೋಗಿದ್ದಾರೆ. ಮಧ್ಯಾಹ್ನ ಮನೆಗೆ ಬಂದು ಬಿಸಿಯಾಗಿ ಊಟ ಮಾಡಬಹುದು. ಸಂಜೆ ಅಂಗಡಿಯಲ್ಲಿ ಕೂರಬಹುದು. ಅಜ್ಜಿಯ ವೋಟೂ ಅತ್ತಲೇ: "ಬೆಟ್ಟದ ಮೇಲೆ ಹೋಗಿ ಬಾಯಿ ಮುಚ್ಕೊಂಡು ನಿಲ್ಲೋದಕ್ಕಿಂತ ಇಲ್ಲೇ ನನ್ ಜೊತೆ ಬಾಯಿ ಮುಚ್ಕೊಂಡು ಕೂತ್ಕೋ." ಹಳದಿ ಕಟ್ಟಡದಲ್ಲಿ ಓದಿದರೆ ನನಗೆ ಒಳ್ಳೆಯ ಅಂಕ ಬರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಬಾಯಿ ಬಿಡದೆ ಒಳಗೆ ಹೋಗಿ ಬಾಯಿ ಬಿಡದೆ ಹೊರಗೆ ಬರಬಹುದು. ಆಮೇಲೆ ಯಾವುದೋ ವಕೀಲರ ಕಚೇರಿಯ ಒಳಕೋಣೆಯಲ್ಲಿ ಕೂತು ವಾದಕ್ಕೆ ಟಿಪ್ಪಣಿ ಬರೆದುಕೊಡುತ್ತೇನೆ, ಹೊರಗೆ ನಿಂತು ಮಾತಾಡುವವರು ಬೇರೆ ಯಾರೋ. ಇದನ್ನು ಯೋಚಿಸಿದಾಗಲೂ ಭಯವಾಗುತ್ತದೆ, ಆದರೆ ಅದು ಇನ್ನೊಂದು ಥರದ ಭಯ, ನಿಧಾನವಾದದ್ದು. ಅದರಲ್ಲಿ ಅಂಗೈ ಬೆವರುವುದಿಲ್ಲ.

ಮನಸ್ಸಿನೊಳಗೆ ನಾನು ಗೆದ್ದಷ್ಟು ವಾದವನ್ನು ಈ ಊರಿನಲ್ಲಿ ಯಾರೂ ಗೆದ್ದಿರಲಾರರು ಅಮ್ಮಾ. ಅಜ್ಜಿಯನ್ನು ದಿನಕ್ಕೆ ನಾಲ್ಕು ಸಲ ಸೋಲಿಸುತ್ತೇನೆ. ಸಾಮಾನಿನ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದಾಗ ಅವನಿಗೆ ನಾನು ಕೊಟ್ಟ ಉತ್ತರ ಕೇಳಿದ್ದರೆ ಅವನು ಅಂಗಡಿ ಮುಚ್ಚಿಕೊಂಡು ಹೋಗುತ್ತಿದ್ದ. ಅವನು ಕೇಳಲಿಲ್ಲ, ಏಕೆಂದರೆ ನಾನು ಹೇಳಲಿಲ್ಲ. ಕಡಿಮೆ ತೂಕದ ಅಕ್ಕಿಯನ್ನೇ ಹೊತ್ತುಕೊಂಡು ಬಂದೆ. ಅದಕ್ಕೇ ನನಗೆ ಬೆಟ್ಟ ಬೇಕು ಅನ್ನಿಸುತ್ತದೆ. ಅನ್ನಿಸಿದ ಮರುಗಳಿಗೆಯೇ ಆ ಗುಂಡು ಹಾಲ್ ಕಣ್ಣಮುಂದೆ ಬರುತ್ತದೆ. ಬಿಲ್ಲೆ ತೆಗೆದ ಮೇಲೆ ನಾನು ಮೆಟ್ಟಿಲಿಳಿದು ಹೋಗುವುದು, ಮೇಜು ಹಿಡಿಯುವುದು, ಬಾಯಿ ತೆರೆಯುವುದು, ಏನೂ ಬಾರದಿರುವುದು. ಅಷ್ಟು ಜನ ಸುಮ್ಮನೆ ನೋಡುತ್ತಿರುವುದು. ಅದು ಒಂದು ದಿನದ ಮಾತೂ ಅಲ್ಲ, ನಾಲ್ಕು ವರ್ಷ ಯಾವ ಬೆಳಿಗ್ಗೆ ಬೇಕಾದರೂ ನನ್ನ ಬಿಲ್ಲೆ ಬರಬಹುದು. ಮಾತು ತಡೆದಾಗ ಕತ್ತು ಸೆಟೆದುಕೊಂಡು ಕಣ್ಣು ಮೇಲೆ ಹೋಗುತ್ತದಲ್ಲ, ಅದನ್ನು ಅವರೆಲ್ಲ ನೋಡುತ್ತಾರೆ. ನನಗೆ ಅಲ್ಲಿ ಸ್ನೇಹಿತರು ಆಗುತ್ತಾರೆಯೇ? ಆ ಮೇಡಂ ಮೊದಲ ವಾರವೇ, ಅಯ್ಯೋ, ಇವಳಿಗೆ ಸೀಟು ಕೊಟ್ಟೆವಲ್ಲ ಎಂದುಕೊಂಡರೆ?

ನಿನ್ನೆ ಸಂಜೆ ಅಂಗಡಿ ಮುಚ್ಚಿದ ಮೇಲೆ ಅಪ್ಪನೇ, ಬಾ, ಒಂದು ಸಲ ಅಭ್ಯಾಸ ಮಾಡಿ ನೋಡೋಣ ಎಂದರು. ಅವರಿಗೆ ಬೆಟ್ಟ ಬೇಡ, ಆದರೂ ಕರೆದರು, ಅದನ್ನು ನೀನು ಗಮನಿಸಬೇಕು. ಗಿರಾಕಿಗಳ ಕುರ್ಚಿಯಲ್ಲಿ ನಾನು ಕೂತೆ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಪಕ್ಕ ಅವರು ನಿಂತರು. ಆ ಜಾಗದಲ್ಲಿ ಅಪ್ಪ ಹೇಗಿರುತ್ತಾರೆ ನಿನಗೆ ಗೊತ್ತಲ್ಲ. ಗಿರಾಕಿ ಎಷ್ಟು ಹೊತ್ತು ಕಣ್ಣು ಕಿರಿದು ಮಾಡಿಕೊಂಡು ಕೂತರೂ ಬಾಯಿ ಬಿಡುವುದಿಲ್ಲ, ಹೇಳಿಕೊಟ್ಟರೆ ತಪ್ಪು ನಂಬರಿನ ಕನ್ನಡಕ ಹಾಕಿಕೊಂಡು ಹೋಗುತ್ತಾರೆ ಎನ್ನುತ್ತಾರೆ. ಮೇಡಂ ಕೇಳಿದ ಪ್ರಶ್ನೆಯನ್ನೇ ಕೇಳಿದರು. ಇಲ್ಲಿಗೇ ಏಕೆ ಬರಬೇಕು? ನಾನು ಶುರು ಮಾಡಿದೆ. ಎರಡನೇ ಪದಕ್ಕೇ ಹಿಡಿದುಕೊಂಡಿತು. ಅಪ್ಪ ಕನ್ನಡಕ ಒರೆಸುವ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡರು. ನಾನು ತಳ್ಳಿದೆ, ಬರಲಿಲ್ಲ. ಮತ್ತೆ ತಳ್ಳಿದೆ. ಅಪ್ಪನ ಕೆನ್ನೆ ಅದುರುತ್ತಿತ್ತು. ಕೊನೆಗೆ ಬಾಯಿಂದ ಆ ಬಟ್ಟೆ ತೆಗೆದು ಅವರೇ ಹೇಳಿಬಿಟ್ಟರು, ಅದೂ ತಪ್ಪಾಗಿ. ಹೇಳಿದ ಮೇಲೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. "ನಾನು ಮುಗಿಸೋದು ನಿಂಗೋಸ್ಕರ ಅಂದ್ಕೊಂಡಿದ್ದೆ. ಕೇಳ್ಕೊಂಡು ಕೂರೋಕೆ ನಂಗೇ ಆಗಲ್ಲ ಕಣೆ. ಎದೆ ಹಿಂಡಿದಂಗಾಗುತ್ತೆ" ಎಂದರು. ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರಿಗೂ ನನ್ನಷ್ಟೇ ಭಯವಿದೆ ಎಂದು ಗೊತ್ತಾಗಿ ನನಗೆ ಇನ್ನೂ ಭಯವಾಯಿತು. ಹೆದರಿದಾಗ ಹೋಗಿ ನಿಲ್ಲುವುದು ಅವರ ಹತ್ತಿರವೇ ಅಲ್ಲವೆ?

ಈಗ ನೀನೇ ಹೇಳು, ಯಾವುದಕ್ಕೆ ಹೋಗಲಿ? ಹೇಳದಿದ್ದರೂ ಪರವಾಗಿಲ್ಲ. ನಿನಗೆ ಬರೆಯುತ್ತಾ ಕೂತ ಮೇಲೆ ಭಯ ಸ್ವಲ್ಪ ತಗ್ಗಿದೆ, ಅದೇ ಸಾಕು. ಈ ಕಾಗದ ಮುಂದಿನ ಬಂದರಿನ ಕಚೇರಿಗೆ ನಿನ್ನ ಹಡಗಿಗಿಂತ ಮೊದಲು ಮುಟ್ಟಬೇಕೆಂದು ಈಗಲೇ ಅಂಚೆಗೆ ಓಡುತ್ತಿದ್ದೇನೆ. ಅಜ್ಜಿ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಒಂದು ಮೆತ್ತನೆಯ ಟವಲನ್ನೂ ಕೇಳಿದ್ದಾರೆ, ಹಡಗಿನ ಹೆಸರು ಹೊಲಿದದ್ದೇ ಆಗಬೇಕಂತೆ. ಅಪ್ಪ ಏನೂ ಹೇಳಿಲ್ಲ, ನೀನೇ ಅರ್ಥ ಮಾಡಿಕೊಳ್ಳುತ್ತೀಯ ಎಂದರು. ಕೈ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪ್ರೀತಿಯ,
ರೇಡಿಯೋ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ತಪ್ಪಿಸಿಕೊಂಡು ಬಂದೆ. ಅಂಚೆಯವರು ಚೀಲ ಕಟ್ಟುತ್ತಿದ್ದಾರೆ, ಇಲ್ಲೇ ಕೌಂಟರಿನ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಅಪ್ಪ ನನ್ನ ಕೈಗೆ ಫೋನ್ ಕೊಟ್ಟಾಗ ನೀನು, "ಹೆದರಬೇಡ, ಮುಂದಿನ ಬಂದರಿನಿಂದ ಆ ಮೇಡಂಗೆ ನಾನೇ ಫೋನ್ ಮಾಡಿ ಎಲ್ಲಾ ಹೇಳ್ತೀನಿ, ನಿನ್ನನ್ನ ಬರೆಯೋಕೆ ಕೂರಿಸ್ತಾರೆ, ಸರೀನಾ?" ಎಂದು ಕೇಳಿದೆ. ನಾನು ಹ್ಞೂಂ ಎಂದೆ. ನಾನು ಹೇಳಲು ಹೊರಟದ್ದು ಬೇಡ ಎಂದು. ಅದು ಬರಲಿಲ್ಲ, ನಿನ್ನ ಹಿಂದೆ ಫೋನಿಗೆ ಜನ ಸಾಲು ನಿಂತಿದ್ದರು, ನೀನೂ ಕಾಯಲಿಲ್ಲ. ತಪ್ಪು ತಿಳಿಯಬೇಡ. ಹಳದಿ ಕಟ್ಟಡಕ್ಕೆ ಬರುವುದಿಲ್ಲ ಎಂದು ಇವತ್ತು ಬೆಳಿಗ್ಗೆ ಗುಮಾಸ್ತರ ಕಿಟಕಿಯಲ್ಲಿ ನಾನೇ ನಿಂತು ಹೇಳಿ ಬಂದಿದ್ದೇನೆ. ತುಂಬಾ ಹೊತ್ತಾಯಿತು, ಹಿಂದೆ ನಿಂತಿದ್ದವರು ಗೊಣಗಿದರು, ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಅಮ್ಮಾ, ಆ ಮೇಡಂಗೆ ಫೋನ್ ಮಾಡಬೇಡ.